ಬೆಂಗಳೂರಲ್ಲಿ ಬಾಡಿಗೆ ಕಟ್ಟಡ ಮಾಡಬೇಕು ಅಂದುಕೊಂಡಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಬೆಂಗಳೂರಿನ ಮನೆಗಳಲ್ಲಿ ಬರುವ ಮೊದಲ ಮಾತು: "ಒಂದು ಸೈಟು ತಗೊಂಡು ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಡೋಣ." ಈ ಯೋಚನೆ ಒಳ್ಳೆಯದೇ. ಆದರೆ ಇದಕ್ಕೆ ಕೈ ಹಾಕುವ ಮುಂಚೆ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಅವುಗಳಿಗೆ ತಿಳಿದ ಮಟ್ಟಿಗೆ ನೇರವಾಗಿ ಉತ್ತರ ಕೊಟ್ಟಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ನನ್ನ ಅಭಿಪ್ರಾಯ ಒಂದೇ: ಬ್ರೋಕರ್ ಹೇಳುವ ಬಾಡಿಗೆ ನೋಡಿ ಕಟ್ಟಡ ಕೊಳ್ಳಬೇಡಿ, ಖರ್ಚು ಕಳೆದು ಕೈಗೆ ಬರುವ ಬಾಡಿಗೆ ನೋಡಿ ಕೊಳ್ಳಿ.

ಬಾಡಿಗೆ ಕಟ್ಟಡಕ್ಕೂ ಒಂದು ಫ್ಲಾಟ್ ತಗೊಳ್ಳೋದಕ್ಕೂ ಏನು ವ್ಯತ್ಯಾಸ?

ಫ್ಲಾಟ್ ಅಂದರೆ ಒಂದೇ ಮನೆ, ಒಬ್ಬರೇ ಬಾಡಿಗೆದಾರರು. ಅವರು ಖಾಲಿ ಮಾಡಿದ ತಿಂಗಳು ಬಾಡಿಗೆ ಸೊನ್ನೆ. ಅಸೋಸಿಯೇಷನ್‌ಗೆ ಕೊಡುವ ಮೇಂಟೆನೆನ್ಸ್ ಮಾತ್ರ ನಿಲ್ಲುವುದಿಲ್ಲ. ಬಾಡಿಗೆ ಕಟ್ಟಡ ಅಂದರೆ 20x30 ಅಥವಾ 30x40 ಅಡಿ ಸೈಟಿನಲ್ಲಿ ಮೂರು ನಾಲ್ಕು ಮಹಡಿ, ಅದರಲ್ಲಿ ನಾಲ್ಕರಿಂದ ಎಂಟು ಮನೆ. ಒಂದು ಖಾಲಿಯಾದರೂ ಉಳಿದವುಗಳಿಂದ ದುಡ್ಡು ಬರುತ್ತಲೇ ಇರುತ್ತದೆ. ಜಾಗ ಪೂರ್ತಿ ನಿಮ್ಮದೇ ಆಗಿರುತ್ತದೆ. ಬೆಲೆ ಏರುವುದು ಜಾಗಕ್ಕೆ. ಗೋಡೆ, ಪೈಪು ಎಲ್ಲ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತವೆ.

ಅದರ ಬದಲಿಗೆ ಕೆಲಸ ನಿಮ್ಮ ತಲೆ ಮೇಲೆ ಬರುತ್ತದೆ. ಮೋಟರ್ ಕೆಟ್ಟರೆ, ಸಂಪು ತೊಳೆಸಬೇಕಾದರೆ, ಮೂರನೇ ಮಹಡಿಯ ಬಾತ್‌ರೂಮಿನಿಂದ ಎರಡನೇ ಮಹಡಿಗೆ ನೀರು ಸೋರಿದರೆ ಫೋನ್ ಬರುವುದು ನಿಮಗೇ.

ಬರೋ ಬಾಡಿಗೆಯಲ್ಲೇ ಇಎಂಐ ಕಟ್ಟಿಬಿಡಬಹುದಲ್ವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕಟ್ಟಿರುವ ಕಟ್ಟಡವನ್ನು ದೊಡ್ಡ ಸಾಲ ಮಾಡಿ ಕೊಂಡರೆ ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಉದಾಹರಣೆ ಲೆಕ್ಕ ಹಾಕೋಣ.

2 ಕೋಟಿಗೆ ಒಂದು ಕಟ್ಟಡ ಬಂದಿದೆ ಅಂದುಕೊಳ್ಳಿ. ಆರು ಮನೆ, ತಿಂಗಳಿಗೆ ಒಟ್ಟು 75,000 ರೂ. ಬಾಡಿಗೆ. ವರ್ಷಕ್ಕೆ 9 ಲಕ್ಷ. "ನಾಲ್ಕೂವರೆ ಪರ್ಸೆಂಟ್ ಸಾರ್" ಅನ್ನುತ್ತಾರೆ ಬ್ರೋಕರ್. ಈಗ ನಿಜವಾದ ಲೆಕ್ಕಕ್ಕೆ ಬನ್ನಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿದರೆ ಶೇ. 7.6ರ ಹತ್ತಿರ ಆಗುತ್ತದೆ. 2 ಕೋಟಿಗೆ ಅದೇ 15 ಲಕ್ಷ. ಅಂದರೆ ನಿಮ್ಮ ಜೇಬಿನಿಂದ ಹೋಗುವುದು 2.15 ಕೋಟಿ.

ವರ್ಷದ ಖರ್ಚು ನೋಡಿ. ಜನ ಬಂದು ಹೋಗುವಾಗ ಮನೆಗಳು ಒಂದಿಷ್ಟು ದಿನ ಖಾಲಿ ಇರುತ್ತವೆ. ಎಲ್ಲ ಸೇರಿ ಒಂದು ತಿಂಗಳ ಬಾಡಿಗೆ ಹೋಯಿತು ಅಂತಿಟ್ಟುಕೊಳ್ಳಿ, 75,000. ಕಂದಾಯ 25,000. ರಿಪೇರಿ, ಸುಣ್ಣಬಣ್ಣ 60,000. ಮೆಟ್ಟಿಲ ಲೈಟು, ಮೋಟರ್ ಕರೆಂಟು, ಗುಡಿಸುವವರ ಸಂಬಳ, ಟ್ಯಾಂಕ್ ತೊಳೆಸೋದು ಎಲ್ಲ ಸೇರಿ 60,000. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ 30,000. ಒಟ್ಟು 2.5 ಲಕ್ಷ. ಕೈಗೆ ಉಳಿಯುವುದು 6.5 ಲಕ್ಷ. ಹಾಕಿದ 2.15 ಕೋಟಿಗೆ ಅದು ಶೇ. 3.

ಇನ್ನು ಸಾಲ. 1 ಕೋಟಿ ಸಾಲವನ್ನು ಶೇ. 8.5 ಬಡ್ಡಿಗೆ 20 ವರ್ಷಕ್ಕೆ ತಗೊಂಡರೆ ತಿಂಗಳ ಕಂತು ಸುಮಾರು 86,800 ರೂ. ವರ್ಷಕ್ಕೆ 10.4 ಲಕ್ಷ. ಕೈಗೆ ಬರುವ 6.5 ಲಕ್ಷ ಕಳೆದರೆ ತಿಂಗಳಿಗೆ 32 ಸಾವಿರಕ್ಕೂ ಜಾಸ್ತಿ ಹಣ ಸಂಬಳದಿಂದ ಹಾಕಬೇಕು. ಅದೂ ಕಟ್ಟಡದ ಅರ್ಧಕ್ಕಿಂತ ಹೆಚ್ಚು ಹಣವನ್ನು ನೀವೇ ಮೊದಲೇ ಕೊಟ್ಟ ಮೇಲೆ.

ಬಾಡಿಗೆ ಪ್ರತಿ ವರ್ಷ ಸ್ವಲ್ಪ ಏರುತ್ತದೆ, ಕಂತು ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ಈ ಅಂತರ ನಿಧಾನವಾಗಿ ಕಮ್ಮಿಯಾಗುತ್ತದೆ. ಆದರೆ ಮೊದಲ ಏಳೆಂಟು ವರ್ಷ ಸಂಬಳದಿಂದ ದುಡ್ಡು ಹಾಕುವ ಶಕ್ತಿ ಇದೆಯಾ ಅಂತ ಮನೆಯವರ ಜೊತೆ ಕೂತು ಮಾತಾಡಿಯೇ ಮುಂದಕ್ಕೆ ಹೋಗಿ.

ಹಾಗಾದ್ರೆ ಜನ ಯಾಕೆ ತಗೊಳ್ತಾರೆ?

ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ಬೆಂಗಳೂರಿನಲ್ಲಿ ಆ ನಂಬಿಕೆ ಬಹಳ ಕಡೆ ನಿಜವೂ ಆಗಿದೆ. ರಿಟೈರ್ ಆದ ಮೇಲೆ ತಿಂಗಳು ತಿಂಗಳು ದುಡ್ಡು ಬರಲಿ, ಮಕ್ಕಳಿಗೆ ಒಂದೊಂದು ಮಹಡಿ ಆಗಲಿ ಅನ್ನುವ ಆಸೆಯೂ ಇರುತ್ತದೆ. ಇವೆಲ್ಲ ಸರಿಯಾದ ಕಾರಣಗಳೇ. ಆದರೆ ಬೆಲೆ ಏರಿಕೆ ನಿಮ್ಮ ಕೈಯಲ್ಲಿಲ್ಲ. ಕೈಗೆ ಬರುವ ಬಾಡಿಗೆಯನ್ನು ಮಾತ್ರ ಇವತ್ತೇ ಲೆಕ್ಕ ಹಾಕಬಹುದು.

ಮೊದಲ ಸಲ ಮಾಡುವವರು ಎಲ್ಲಿಂದ ಶುರು ಮಾಡಬೇಕು?

ಸ್ವಂತ ಮನೆ ಇದ್ದು ಅದರ ಮೇಲೆ ಖಾಲಿ ತಾರಸಿ ಇದ್ದರೆ, ಶುರು ಮಾಡಬೇಕಾದ ಜಾಗ ಅದೇ. ಎರಡನೇ ಮಾತೇ ಇಲ್ಲ. ಜಾಗಕ್ಕೆ ಮತ್ತೆ ದುಡ್ಡು ಕೊಡಬೇಕಿಲ್ಲ, ರಿಜಿಸ್ಟ್ರೇಷನ್ ಖರ್ಚಿಲ್ಲ, ಬಾಡಿಗೆದಾರರು ಕಣ್ಣೆದುರಿಗೇ ಇರುತ್ತಾರೆ.

ಲೆಕ್ಕ ಹೀಗೆ ಬರುತ್ತದೆ. 30x40 ಮನೆಯ ಮೇಲೆ ಎರಡು ಒನ್ ಬಿಎಚ್‌ಕೆ ಕಟ್ಟಲು 20 ಲಕ್ಷ ಆಯಿತು ಅಂದುಕೊಳ್ಳಿ. ಒಂದೊಂದಕ್ಕೆ 13,000 ಬಾಡಿಗೆ ಅಂದರೆ ವರ್ಷಕ್ಕೆ 3.12 ಲಕ್ಷ. ಖರ್ಚು ಕಳೆದು 2.6 ಲಕ್ಷ ಉಳಿದರೂ ಕಟ್ಟಲು ಹಾಕಿದ ಹಣಕ್ಕೆ ಶೇ. 13. ಇದಕ್ಕೆ 15 ಲಕ್ಷ ಸಾಲ ಮಾಡಿ ಹತ್ತೇ ವರ್ಷಕ್ಕೆ ತೀರಿಸಿದರೂ ಕಂತು ಸುಮಾರು 18,600. ಕೈಗೆ ಬರುವುದು ತಿಂಗಳಿಗೆ 21,600. ಇಲ್ಲಿ ಬಾಡಿಗೆಯೇ ಸಾಲ ತೀರಿಸುತ್ತದೆ.

ಆದರೆ ಎರಡು ಕೆಲಸ ಮೊದಲು ಆಗಬೇಕು. ಒಂದು, ಪಾಯ ಮತ್ತು ಪಿಲ್ಲರ್ ಇನ್ನೊಂದು ಮಹಡಿ ಹೊರುತ್ತವಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ. ಮೇಸ್ತ್ರಿ "ತಡೆಯುತ್ತೆ ಬಿಡಿ ಸಾರ್" ಅಂದರೆ ಸಾಲದು. ಮನೆ ಕಟ್ಟುವಾಗ ಹಾಕಿಸಿದ ಕಬ್ಬಿಣದ ಡ್ರಾಯಿಂಗ್ ಇದ್ದರೆ ಹುಡುಕಿ ಕೊಡಿ. ಇಲ್ಲದಿದ್ದರೆ ಅವರು ಪಿಲ್ಲರ್ ಪಕ್ಕ ಅಗೆದು ಪಾಯ ನೋಡುತ್ತಾರೆ. ಎರಡು, ಹೊಸ ಮಹಡಿಗೆ ಪ್ಲಾನ್ ಮಂಜೂರಾತಿ ಬೇಕು. ನೆಲಮಹಡಿಗೆ ಇಪ್ಪತ್ತು ವರ್ಷದ ಹಿಂದೆ ತಗೊಂಡ ಮಂಜೂರಾತಿ ಮೇಲಿನ ಮಹಡಿಗೆ ಆಗುವುದಿಲ್ಲ.

ಸ್ವಂತ ಮನೆ ಇಲ್ಲದವರಿಗೆ ಎರಡನೇ ದಾರಿ: ಚಿಕ್ಕ ಕಟ್ಟಡ ಮಾಡಿ, ಒಂದು ಮನೆಯಲ್ಲಿ ನೀವೇ ಇದ್ದು ಉಳಿದವನ್ನು ಬಾಡಿಗೆಗೆ ಬಿಡಿ. ನೀವು ಈಗ ಕೊಡುತ್ತಿರುವ ಬಾಡಿಗೆ ಉಳಿಯುತ್ತದೆ. ಓನರ್ ಕೆಳಗೇ ಇದ್ದರೆ ಕಟ್ಟಡವೂ ಚೆನ್ನಾಗಿರುತ್ತದೆ.

ಕೈಯಲ್ಲಿ ಎಷ್ಟು ದುಡ್ಡಿರಬೇಕು?

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲ ಆಸ್ತಿ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ ಸಾಲ ಶೇ. 80ರವರೆಗೆ, ಅದಕ್ಕೂ ಮೇಲಿನದು ಶೇ. 75ರವರೆಗೆ ಸಿಗಬಹುದು. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ನೀವೇ ಕೊಡಬೇಕು. ಅದರ ಮೇಲೆ ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿರಿ. ಅದಿಲ್ಲದೆ ಇಳಿದರೆ ಮೊದಲ ಬೋರ್‌ವೆಲ್ ಕೈಕೊಟ್ಟಾಗಲೇ ಪರ್ಸನಲ್ ಲೋನ್ ಹುಡುಕಬೇಕಾಗುತ್ತದೆ.

ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಬೋನಸ್ ಬಂದಾಗ ಸ್ವಲ್ಪ ಸ್ವಲ್ಪ ಕಟ್ಟುತ್ತಾ ಹೋಗಿ.

ಯಾವ ಕಾಗದಪತ್ರ ನೋಡಬೇಕು?

ಇಲ್ಲಿ ಅವಸರ ಬೇಡ. ಬಾಡಿಗೆ ಸ್ವಲ್ಪ ಕಮ್ಮಿ ಬಂದರೆ ಸುಧಾರಿಸಿಕೊಳ್ಳಬಹುದು, ಕಾಗದ ಸರಿಯಿಲ್ಲದಿದ್ದರೆ ಇಡೀ ಆಸ್ತಿಯೇ ಕೈಬಿಡುತ್ತದೆ.

ತಾಯಿ ಪತ್ರದಿಂದ (ಆಸ್ತಿಯ ಮೂಲ ಒಡೆತನದ ಪತ್ರ) ಹಿಡಿದು ಇವತ್ತಿನವರೆಗಿನ ಎಲ್ಲ ಕ್ರಯಪತ್ರಗಳು ಸರಪಳಿಯ ಹಾಗೆ ಕೂಡಿಕೊಳ್ಳಬೇಕು. ಕನಿಷ್ಠ 30 ವರ್ಷದ ಇಸಿ (ಆಸ್ತಿ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ. ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ. ಅದರಲ್ಲಿರುವ ಹೆಣ್ಣುಮಕ್ಕಳೆಲ್ಲರ ಸಹಿ ಕ್ರಯಪತ್ರದಲ್ಲಿ ಇದೆಯಾ ನೋಡಿ. "ಅಕ್ಕತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅವರೇನೂ ಕೇಳಲ್ಲ" ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಗಟ್ಟಿ ಮಾಡಿದೆ. ಅದು ನ್ಯಾಯವೂ ಹೌದು.

ನಗರದ ಅಂಚಿನ ಜಾಗವಾದರೆ ಮೂಲದಲ್ಲಿ ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾ ಅಂತ ನೋಡಲೇಬೇಕು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. ಮಾರಿದ್ದರೆ ಎಷ್ಟು ಕೈ ಬದಲಾಗಿದ್ದರೂ ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆದೇಶ ಬೇಕು. ಹತ್ತಿರದಲ್ಲಿ ಕೆರೆ, ರಾಜಕಾಲುವೆ ಇದ್ದರೆ ಹಳೆಯ ಗ್ರಾಮನಕ್ಷೆ ತೆಗೆಸಿ, ಸರ್ವೆ ಮಾಡಿಸಿ. 2016ರಲ್ಲೂ 2022ರಲ್ಲೂ ರಾಜಕಾಲುವೆ ಒತ್ತುವರಿ ಅಂತ ಮನೆಗಳನ್ನು ಒಡೆದದ್ದನ್ನು ಬೆಂಗಳೂರಿನವರು ಕಣ್ಣಾರೆ ನೋಡಿದ್ದಾರೆ.

ಎಲ್ಲ ಕಾಗದಗಳ ಒಂದು ಸೆಟ್ ಪ್ರತಿಯನ್ನು ನೀವೇ ಆರಿಸಿದ ವಕೀಲರಿಗೆ ಕೊಟ್ಟು ಲೀಗಲ್ ಒಪಿನಿಯನ್ ಬರೆಸಿಕೊಳ್ಳಿ. ಮಾರುವವರೋ ಬ್ರೋಕರೋ ತೋರಿಸಿದ ವಕೀಲರು ಬೇಡ.

ಬಿ ಖಾತಾ ಕಟ್ಟಡ ಕಮ್ಮಿ ಬೆಲೆಗೆ ಸಿಗ್ತಿದೆ, ತಗೊಳ್ಳಬಹುದಾ?

ಮೊದಲ ಆಸ್ತಿಯಾಗಿ ಬೇಡ ಅನ್ನುವುದು ನನ್ನ ಸಲಹೆ. ಬಿ ಖಾತಾ ಅಂದರೆ ನಿಯಮ ಮೀರಿದ ಆಸ್ತಿಗಳಿಂದಲೂ ಕಂದಾಯ ವಸೂಲಿ ಮಾಡಲು ಇಟ್ಟ ಪುಸ್ತಕ. ಕಂದಾಯ ಕಟ್ಟಿದ ರಸೀದಿಯಿಂದ ಕಟ್ಟಡ ಸಕ್ರಮ ಆಗುವುದಿಲ್ಲ. ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಡುವವರು ಬಡ್ಡಿ ಜಾಸ್ತಿ ಹಾಕುತ್ತಾರೆ. ನಾಳೆ ನೀವು ಮಾರುವಾಗಲೂ ಕೊಳ್ಳುವವರಿಗೆ ಇದೇ ತೊಂದರೆ.

"ಅಕ್ರಮ ಸಕ್ರಮದಲ್ಲಿ ಸರಿ ಹೋಗುತ್ತೆ" ಅಂತ ಹೇಳುವವರು ಇನ್ನೂ ಇದ್ದಾರೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. 2025ರ ಕೊನೆಯಲ್ಲಿ ಶುಲ್ಕ ಕಟ್ಟಿಸಿಕೊಂಡು ಬಿ ಖಾತಾ ಸೈಟುಗಳನ್ನು ಎ ಖಾತಾಗೆ (ನಿಯಮದ ಪ್ರಕಾರ ಇರುವ ಆಸ್ತಿಗಳ ಪುಸ್ತಕಕ್ಕೆ) ಬದಲಿಸುವ ಯೋಜನೆ ಬಂತು. ಅಂಥ ಆಸ್ತಿ ಕೊಳ್ಳಲೇಬೇಕು ಅಂತಿದ್ದರೆ ಬದಲಾವಣೆಯನ್ನು ಮಾರುವವರೇ ಮಾಡಿಸಿಕೊಡಲಿ, ಆಮೇಲೆ ಪೂರ್ತಿ ಹಣ ಕೊಡಿ. ಸೈಟು ಎ ಖಾತಾ ಆದ ಮಾತ್ರಕ್ಕೆ ಅದರ ಮೇಲೆ ಪ್ಲಾನ್ ಮೀರಿ ಎಬ್ಬಿಸಿದ ಮಹಡಿ ಸರಿಯಾಗುವುದಿಲ್ಲ ಅನ್ನುವುದನ್ನೂ ನೆನಪಿಡಿ.

2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ (ಡಿಜಿಟಲ್ ಖಾತಾ) ಕಡ್ಡಾಯ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ. ನಿಮ್ಮ ಆಸ್ತಿ ಯಾವುದಕ್ಕೆ ಸೇರುತ್ತದೆ ಅಂತ ತಿಳಿದುಕೊಂಡು ಅಲ್ಲೇ ವಿಚಾರಿಸಿ.

ಒಸಿ ಇಲ್ಲ ಅಂದ್ರೆ ಏನಾಗುತ್ತೆ?

ಒಸಿ ಅಂದರೆ ಕಟ್ಟಡ ಮಂಜೂರಾದ ಪ್ಲಾನಿನಂತೆ ಇದೆ, ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ. ಮುಂಚೆ ಬಹಳ ಜನ ಒಸಿ ಬಗ್ಗೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಸಿ ತೋರಿಸಿದ ಮೇಲಷ್ಟೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂದಿತು. 2025ರಲ್ಲಿ ಬೆಸ್ಕಾಂ ಒಸಿ ಇಲ್ಲದವರಿಗೆ ಹೊಸ ಮೀಟರ್ ಕೊಡುವುದನ್ನು ನಿಲ್ಲಿಸಿತು. ಕಟ್ಟಿ ಮುಗಿದ ಎಷ್ಟೋ ಮನೆಗಳು ಬಾಡಿಗೆಗೆ ಬಿಡಲಾಗದೆ ನಿಂತವು. ಆಮೇಲೆ 1,200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ (ಪಾರ್ಕಿಂಗ್‌ಗೆ ಬಿಟ್ಟ ಕೆಳಮಹಡಿ) ಮತ್ತು ಮೂರು ಮಹಡಿವರೆಗಿನ ವಾಸದ ಕಟ್ಟಡಗಳಿಗೆ ಸರ್ಕಾರ ಒಸಿಯಿಂದ ವಿನಾಯಿತಿ ಕೊಟ್ಟಿತು. ಹೊಸದಾಗಿ ಕಟ್ಟುವವರು ಈ ಅಳತೆಯೊಳಗೆ ಕಟ್ಟುವುದು ಜಾಣತನ. ಇನ್ನೊಂದು ಮಹಡಿ ಸೇರಿಸಿದರೆ ಬಾಡಿಗೆ ಜಾಸ್ತಿ ಬರಬಹುದು, ಆದರೆ ಅದೇ ಮಹಡಿಯಿಂದ ಇಡೀ ಕಟ್ಟಡದ ಕರೆಂಟಿಗೆ ಕುತ್ತು ಬರಬಹುದು.

ಕಟ್ಟಡ ನೋಡೋಕೆ ಹೋದಾಗ ಏನೇನು ನೋಡಬೇಕು?

ಬ್ರೋಕರ್ ಭಾನುವಾರ ಹನ್ನೊಂದು ಗಂಟೆಗೆ ಬನ್ನಿ ಅನ್ನುತ್ತಾರೆ. ನೀವು ಇನ್ನೊಂದು ದಿನ, ಕೆಲಸದ ದಿನವೇ, ಬೆಳಗ್ಗೆ ಆರೂವರೆ ಏಳಕ್ಕೆ ಒಬ್ಬರೇ ಹೋಗಿ. ಆ ಹೊತ್ತಿಗೆ ಎಲ್ಲ ಮನೆಯಲ್ಲೂ ನೀರು ಬೇಕು. ಮೋಟರ್ ಓಡುತ್ತಿದೆಯಾ, ಗೇಟಿನ ಮುಂದೆ ಟ್ಯಾಂಕರ್ ನಿಂತಿದೆಯಾ, ಯಾರಾದರೂ ಕೊಡದಲ್ಲಿ ನೀರು ಹೊರುತ್ತಿದ್ದಾರಾ ನೋಡಿ.

ಆಮೇಲೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಕಟ್ಟಡದ ಅರ್ಧ ಕಥೆ ಅಲ್ಲೇ ಇರುತ್ತದೆ. ಆರು ಮನೆ ಅಂದಿದ್ದಾರೆ, ಮೀಟರ್ ಎಷ್ಟಿವೆ? ನಾಲ್ಕೇ ಇದ್ದರೆ ಎರಡು ಮನೆ ಆಮೇಲೆ ಗೋಡೆ ಎಬ್ಬಿಸಿ ಮಾಡಿದ್ದು, ಪ್ಲಾನಿನಲ್ಲಿ ಇರಲಿಕ್ಕಿಲ್ಲ. ಸ್ವಂತ ಮೀಟರ್ ಇಲ್ಲದ ಮನೆಯವರಿಗೆ 200 ಯೂನಿಟ್‌ವರೆಗಿನ ಗೃಹಜ್ಯೋತಿಯೂ ಸರಿಯಾಗಿ ಸಿಗುವುದಿಲ್ಲ. ಅಂಥ ಮನೆಗೆ ಬಾಡಿಗೆದಾರರು ಬರಲು ಹಿಂದೆ ಮುಂದೆ ನೋಡುತ್ತಾರೆ. ಮೀಟರ್ ತಿರುಗುತ್ತಲೇ ಇಲ್ಲ ಅಂದರೆ ಆ ಮನೆ ಖಾಲಿ ಇರಬಹುದು. ಪೂರ್ತಿ ತುಂಬಿದೆ ಅಂತ ಹೇಳಿದ್ದರೆ ಯಾಕೆ ಅಂತ ಕೇಳಿ. ಮೀಟರ್ ಒಂದೊಂದರ ಆರ್‌ಆರ್ ನಂಬರ್ (ಕರೆಂಟು ಸಂಪರ್ಕದ ಗುರುತಿನ ಸಂಖ್ಯೆ) ಬರೆದುಕೊಂಡು ಬನ್ನಿ, ಬಾಕಿ ಬಿಲ್ ಇದೆಯಾ ನೋಡಬಹುದು.

ತಾರಸಿಗೆ ಹತ್ತಿ ಟ್ಯಾಂಕಿನ ಬುಡ, ಪ್ಯಾರಾಪೆಟ್ ಮೂಲೆಗಳನ್ನು ನೋಡಿ. ಕೊನೆ ಮಹಡಿಯ ಸೀಲಿಂಗಿನಲ್ಲಿ ಹಳದಿ ಕಲೆ ಇದ್ದರೆ ನೀರು ಇಳಿಯುತ್ತಿದೆ. ಇಡೀ ಕಟ್ಟಡಕ್ಕೆ ಹೊಸ ಬಣ್ಣ ಹೊಡೆದಿದ್ದರೆ ಮಳೆಗಾಲದಲ್ಲಿ ಇನ್ನೊಂದು ಸಲ ಬಂದು ನೋಡುವುದು ವಾಸಿ. ಇಳಿದು ಬರುವಾಗ ಒಬ್ಬಿಬ್ಬರು ಬಾಡಿಗೆದಾರರನ್ನು ಮಾತಾಡಿಸಿ. ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಎಷ್ಟು ದಿನದಿಂದ ಇದ್ದಾರೆ. ಬ್ರೋಕರ್ ಕೊಟ್ಟ ಪಟ್ಟಿಗೂ ಇವರು ಹೇಳುವುದಕ್ಕೂ ತಾಳೆ ಆಗಬೇಕು.

ನೀರಿನ ಬಗ್ಗೆ ಇಷ್ಟೊಂದು ಯಾಕೆ ಹೇಳ್ತೀರಿ?

2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಸಿಕ್ಕಾಪಟ್ಟೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಆಗ ನೀರಿಲ್ಲದ ಕಟ್ಟಡಗಳಿಂದ ಜನ ಖಾಲಿ ಮಾಡಿಕೊಂಡು ಹೋದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಚಾಲೂ ಆಯಿತು. ಆದರೆ ಬೀದಿಯಲ್ಲಿ ಪೈಪ್ ಇರುವುದು ಬೇರೆ, ನಿಮ್ಮ ಸಂಪಿಗೆ ನೀರು ಬೀಳುವುದು ಬೇರೆ. ಜಲಮಂಡಳಿ ಬಿಲ್ ತೋರಿಸಿ ಅಂತ ಕೇಳಿ. ವಾರಕ್ಕೆ ಎಷ್ಟು ದಿನ ಬಿಡುತ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿ.

ಹೊಸದಾಗಿ ಕಟ್ಟುವವರು ಸಂಪನ್ನು ದೊಡ್ಡದಾಗಿಯೇ ಮಾಡಿಸಿ. 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಬರೀ ಕಾನೂನಿಗೋಸ್ಕರ ಒಂದು ಡ್ರಮ್ ಇಡಬೇಡಿ, ತಾರಸಿ ನೀರು ನಿಜವಾಗಿ ಸಂಪಿಗೆ ಬರುವಂತೆ ಮಾಡಿಸಿ.

ಒನ್ ಬಿಎಚ್‌ಕೆ ಕಟ್ಟಬೇಕಾ, ಟು ಬಿಎಚ್‌ಕೆ ಕಟ್ಟಬೇಕಾ?

ಸುತ್ತಮುತ್ತ ಯಾರು ಕೆಲಸ ಮಾಡುತ್ತಾರೆ ಅಂತ ನೋಡಿ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಹತ್ತಿರ ಚಿಕ್ಕ ಮನೆಗಳು ಬೇಗ ತುಂಬುತ್ತವೆ. ಶಾಲೆ, ಪಾರ್ಕು ಹತ್ತಿರವಿರುವ ಬಡಾವಣೆಯಲ್ಲಿ ಸಂಸಾರಸ್ಥರು ಟು ಬಿಎಚ್‌ಕೆಗೆ ಬಂದು ವರ್ಷಗಟ್ಟಲೆ ಇರುತ್ತಾರೆ. ಚಿಕ್ಕ ಮನೆಗೆ ಚದರಡಿ ಲೆಕ್ಕದಲ್ಲಿ ಬಾಡಿಗೆ ಜಾಸ್ತಿ, ಆದರೆ ಜನ ಬೇಗ ಬೇಗ ಬದಲಾಗುತ್ತಾರೆ. ನೀರು, ಪಾರ್ಕಿಂಗ್ ಒತ್ತಡವೂ ಜಾಸ್ತಿ.

ಇಡೀ ಕಟ್ಟಡ ಪಿಜಿಗೆ ಕೊಟ್ಟರೆ ಹೇಗೆ?

ಒಬ್ಬರೇ ಬಂದು ಒಟ್ಟಿಗೆ ಬಾಡಿಗೆ ಕೊಡುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ಆದರೆ ಕಟ್ಟಡದ ಸವಕಳಿ ಜಾಸ್ತಿ. ನಾಲ್ಕು ಜನಕ್ಕೆ ಮಾಡಿದ ಬಾತ್‌ರೂಮನ್ನು ಹತ್ತು ಜನ ಬಳಸುತ್ತಾರೆ. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಮನೆಗೆ ಆಹಾರ ಸುರಕ್ಷತೆ ಲೈಸೆನ್ಸ್, ಜೊತೆಗೆ ಟ್ರೇಡ್ ಲೈಸೆನ್ಸ್. ನಡೆಸುವವರು ಇವೆಲ್ಲ ಪಾಲಿಸುತ್ತಾರೆ ಅಂತ ಕರಾರಿನಲ್ಲೇ ಬರೆಸಿ. ಅಲ್ಲಿರುವುದು ಊರು ಬಿಟ್ಟು ಬಂದ ಹುಡುಗ ಹುಡುಗಿಯರು. ಅವರ ಸುರಕ್ಷತೆಯ ಜವಾಬ್ದಾರಿ ಕಟ್ಟಡದ ಓನರ್‌ಗೂ ಇದೆ.

ಅಡ್ವಾನ್ಸ್ ಎಷ್ಟು ತಗೊಳ್ಳಬೇಕು?

ಬೆಂಗಳೂರಿನಲ್ಲಿ ಮುಂಚಿನಿಂದ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ತಗೊಳ್ಳುವ ರೂಢಿ ಇತ್ತು. ಈಗ ಬಹಳ ಕಡೆ ಐದಾರು ತಿಂಗಳಿಗೆ ಇಳಿದಿದೆ. ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಂದೇ ಸಲಕ್ಕೆ ಲಕ್ಷಾಂತರ ರೂಪಾಯಿ ಹೊಂದಿಸುವುದು ಬಹಳ ಕಷ್ಟ.

ಅಡ್ವಾನ್ಸ್ ಅವರ ದುಡ್ಡು. ಅದನ್ನು ಬೇರೆ ಖಾತೆಯಲ್ಲಿ ಇಡಿ. ಖಾಲಿ ಮಾಡಿದ ದಿನವೇ ವಾಪಸ್ ಕೊಡಿ. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದಾದರೆ ಕರಾರಿನಲ್ಲಿ ಮೊದಲೇ ಬರೆಯಿರಿ. ಮನೆ ಕೊಡುವಾಗ ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಂಡರೆ ಕೊನೆಯಲ್ಲಿ ಜಗಳ ಇರುವುದಿಲ್ಲ.

ಬಾಡಿಗೆ ಬದಲು ಭೋಗ್ಯಕ್ಕೆ ಕೊಡಬಹುದಾ?

ಭೋಗ್ಯ, ಅಂದರೆ ನಮ್ಮ ಜನ ಲೀಸ್ ಅನ್ನುತ್ತಾರಲ್ಲ, ಅದು. ಬಾಡಿಗೆದಾರರು ಒಂದೇ ಸಲ ಹತ್ತು ಹದಿನೈದು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುತ್ತಾರೆ. ಹೋಗುವಾಗ ಅಷ್ಟೂ ಹಣ ವಾಪಸ್ ಕೊಡಬೇಕು. ಕಟ್ಟಡ ಕಟ್ಟುವಾಗ ಹಣ ಸಾಲದೆ ಇದ್ದರೆ ಇದು ಸುಲಭದ ದಾರಿಯ ಹಾಗೆ ಕಾಣುತ್ತದೆ. ಆದರೆ ಆ ಹಣ ಸಿಮೆಂಟು ಕಬ್ಬಿಣಕ್ಕೆ ಹೋಗಿಬಿಟ್ಟಿರುತ್ತದೆ. ಅವಧಿ ಮುಗಿದಾಗ ಕೊಡಲು ಮತ್ತೊಬ್ಬರನ್ನು ಭೋಗ್ಯಕ್ಕೆ ಹುಡುಕಬೇಕು, ಸಿಗದಿದ್ದರೆ ಸಾಲ. ಅತ್ತ ತಿಂಗಳ ಬಾಡಿಗೆಯೂ ಇಲ್ಲ. ಸಾಲ ಇರುವ ಕಟ್ಟಡವನ್ನು ಭೋಗ್ಯಕ್ಕೆ ಕೊಟ್ಟು ಬ್ಯಾಂಕ್ ಕಂತು ತಪ್ಪಿಸಿದರೆ, ಜೀವಮಾನದ ಉಳಿತಾಯ ಕೊಟ್ಟು ಬಂದವರು ಬೀದಿಗೆ ಬೀಳುತ್ತಾರೆ. ವಾಪಸ್ ಕೊಡುವ ಹಣ ಬ್ಯಾಂಕಿನಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲದಿದ್ದರೆ ಭೋಗ್ಯಕ್ಕೆ ಕೊಡಲೇಬೇಡಿ.

ಕರಾರು 11 ತಿಂಗಳಿಗೇ ಯಾಕೆ ಮಾಡ್ತಾರೆ?

ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲೇಬೇಕು. ಅದಕ್ಕೇ 11 ತಿಂಗಳು. ಇ-ಸ್ಟಾಂಪ್ ಕಾಗದದಲ್ಲಿ ಮಾಡಿಸಿ. ಬಾಡಿಗೆ, ವರ್ಷಕ್ಕೆ ಎಷ್ಟು ಏರಿಕೆ, ನೋಟಿಸ್ ಅವಧಿ, ನೀರಿನ ಖರ್ಚು ಯಾರದ್ದು, ಯಾವ ರಿಪೇರಿ ಯಾರು ಮಾಡಿಸಬೇಕು, ಇಷ್ಟು ಸ್ಪಷ್ಟವಾಗಿ ಇರಲಿ.

ಬಾಡಿಗೆದಾರರನ್ನು ಹೇಗೆ ಆರಿಸಬೇಕು?

ಕೆಲಸ, ಸಂಬಳ, ಹಿಂದಿನ ಓನರ್ ನಂಬರ್ ಕೇಳಿ. ಗುರುತಿನ ಚೀಟಿ ಪ್ರತಿ ತಗೊಳ್ಳಿ, ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ವಿವರದ ಫಾರಂ ತುಂಬಿಸಿ. ಜಾತಿ ಕೇಳಬೇಡಿ, ಊಟ ಏನು ಮಾಡುತ್ತೀರಿ ಅಂತ ಕೇಳಬೇಡಿ. ಸರಿಯಾಗಿ ಬಾಡಿಗೆ ಕೊಟ್ಟು ಮನೆ ಚೆನ್ನಾಗಿ ಇಟ್ಟುಕೊಳ್ಳುವುದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಅವಮಾನ ಮಾಡಿ ಒಳ್ಳೆಯ ಬಾಡಿಗೆದಾರರನ್ನು ವಾಪಸ್ ಕಳಿಸಿದ ಓನರ್‌ಗಳ ಮನೆ ಮುಂದೆ ಟು-ಲೆಟ್ ಬೋರ್ಡ್ ತಿಂಗಳುಗಟ್ಟಲೆ ನೇತಾಡುತ್ತಿರುತ್ತದೆ.

ಬಾಡಿಗೆ ಕೊಡದೆ, ಖಾಲಿನೂ ಮಾಡದೆ ಕೂತರೆ?

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಹಾಗಾಗಿ ಈಗಿನ ಬಹುತೇಕ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ದಾರಿ. ಕರಾರಿನ ಪ್ರಕಾರ ವಕೀಲರಿಂದ ನೋಟಿಸ್ ಕೊಡಿ, ಆಮೇಲೆ ಕೋರ್ಟು. ಸಮಯ ಹಿಡಿಯುತ್ತದೆ. ಕೋಪದಲ್ಲಿ ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು, ಬೀಗ ಹಾಕುವುದು ಮಾಡಬೇಡಿ. ಅದು ಕಾನೂನಿಗೂ ವಿರುದ್ಧ, ಕೇಸು ನಿಮ್ಮ ಮೇಲೇ ತಿರುಗುತ್ತದೆ. ಬಾಡಿಗೆ ತಪ್ಪಿದ ಮೊದಲ ತಿಂಗಳೇ ಕೂತು ಮಾತಾಡಿದರೆ ಹೆಚ್ಚಿನ ಸಲ ಅಲ್ಲೇ ಬಗೆಹರಿಯುತ್ತದೆ. ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು. ಅಡ್ವಾನ್ಸ್ ಇರುವುದೇ ಇಂಥ ಹೊತ್ತಿಗೆ.

ಬಾಡಿಗೆಗೆ ತೆರಿಗೆ ಎಷ್ಟು?

ಬಂದ ಬಾಡಿಗೆಯಲ್ಲಿ ಮೊದಲು ನೀವು ಕಟ್ಟಿದ ಕಂದಾಯ ಕಳೆಯಿರಿ. ಉಳಿದದ್ದರಲ್ಲಿ ಶೇ. 30 ರಿಪೇರಿ ಇತ್ಯಾದಿಗೆ ಅಂತ ಕಾನೂನೇ ಬಿಡುತ್ತದೆ, ಅದಕ್ಕೆ ಬಿಲ್ ತೋರಿಸಬೇಕಿಲ್ಲ. ಗೃಹಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಜಾಸ್ತಿಯಾಗಿ ನಷ್ಟ ಬಂದರೆ, ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಮಾಡುವಂತಿಲ್ಲ. ಸಂಬಳದವರು ಈ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಂಡೇ ಪದ್ಧತಿ ಆರಿಸಬೇಕು.

ನಿವೃತ್ತರಿಗೆ ಇದು ಅನುಕೂಲ. ವರ್ಷಕ್ಕೆ 9 ಲಕ್ಷ ಬಾಡಿಗೆ ಬಿಟ್ಟು ಬೇರೆ ಆದಾಯ ಇಲ್ಲದವರಿಗೆ ಶೇ. 30 ಕಳೆದರೆ 6.3 ಲಕ್ಷ ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಬರುವುದಿಲ್ಲ. ಆದರೂ ರಿಟರ್ನ್ಸ್ ಸಲ್ಲಿಸಿ. ಬಾಡಿಗೆಯನ್ನು ಬ್ಯಾಂಕಿನಲ್ಲೇ ತಗೊಳ್ಳಿ.

ಹೆಂಡತಿ ಹೆಸರಲ್ಲಿ ತಗೊಂಡ್ರೆ ತೆರಿಗೆ ಉಳಿಯುತ್ತಾ?

ದುಡ್ಡು ಗಂಡನದ್ದಾದರೆ ಉಳಿಯುವುದಿಲ್ಲ. ಆ ಬಾಡಿಗೆ ಗಂಡನ ಆದಾಯಕ್ಕೇ ಸೇರುತ್ತದೆ. ಅವರ ಸ್ವಂತ ಸಂಪಾದನೆ ಹಾಕಿದ್ದರೆ ಅವರದ್ದೇ ಆದಾಯ. ತೆರಿಗೆ ಉಳಿಯದಿದ್ದರೂ ಜಂಟಿ ಹೆಸರಿನಲ್ಲಿ ತಗೊಳ್ಳುವುದು ಒಳ್ಳೆಯದು. ಆಸ್ತಿಯ ಕಾಗದ ಎಲ್ಲಿದೆ, ಯಾರು ಎಷ್ಟು ಬಾಡಿಗೆ ಕೊಡುತ್ತಾರೆ ಅನ್ನುವುದು ಮನೆಯಲ್ಲಿ ಇಬ್ಬರಿಗೂ ಗೊತ್ತಿರಬೇಕು.

ನಾವು ಹೊರದೇಶದಲ್ಲಿದ್ದೇವೆ. ಬೆಂಗಳೂರಲ್ಲಿ ತಗೊಳ್ಳಬಹುದಾ?

ಮನೆ, ಕಟ್ಟಡ, ಸೈಟು ಕೊಳ್ಳಬಹುದು. ಎನ್‌ಆರ್‌ಐಗಳು ಕೃಷಿ ಜಮೀನು ಕೊಳ್ಳುವಂತಿಲ್ಲ. ನಿಮ್ಮ ಬಾಡಿಗೆದಾರರು ಶೇ. 30 ತೆರಿಗೆ, ಅದರ ಮೇಲೆ ಸೆಸ್ ಮುರಿದು ಕಟ್ಟಬೇಕು, ಬಾಡಿಗೆ ಎಷ್ಟೇ ಇರಲಿ. ಮಾಮೂಲಿ ಬಾಡಿಗೆದಾರರಿಗೆ ಈ ನಿಯಮ ಗೊತ್ತೇ ಇರುವುದಿಲ್ಲ, ಹಾಗಾಗಿ ಮೊದಲೇ ಹೇಳಿ, ಒಬ್ಬ ಸಿಎ ನೆರವು ಕೊಡಿಸಿ. ಊರಲ್ಲಿ ನೋಡಿಕೊಳ್ಳುವ ತಮ್ಮನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಬಾಡಿಗೆ ವ್ಯವಹಾರಕ್ಕೆ ಮಾತ್ರ ಕೊಡಿ, ಮಾರುವ ಅಧಿಕಾರ ಸೇರಿಸಬೇಡಿ. ಅವರ ಓಡಾಟಕ್ಕೆ ತಿಂಗಳಿಗೆ ಇಷ್ಟು ಅಂತ ಹಣ ಕೊಡಿ. ಬಿಟ್ಟಿ ಕೆಲಸ ಬಹಳ ದಿನ ನಡೆಯುವುದಿಲ್ಲ, ಸಂಬಂಧವೂ ಕೆಡುತ್ತದೆ.

ಇಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯಾ?

ರೀಟ್ ಇದೆ, ಅಂದರೆ ಬಹಳ ಜನರ ಹಣ ಸೇರಿಸಿ ಬಾಡಿಗೆ ಬರುವ ದೊಡ್ಡ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್. ಷೇರಿನ ಹಾಗೆ ಡಿಮ್ಯಾಟ್ ಖಾತೆಯಲ್ಲಿ ಒಂದೊಂದೇ ಯೂನಿಟ್ ಕೊಳ್ಳಬಹುದು. ದೇಶದ ಮೊದಲ ರೀಟ್ ಬೆಂಗಳೂರಿನದ್ದೇ, ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ. 90ನ್ನು ಹೂಡಿದವರಿಗೆ ಕೊಡಲೇಬೇಕು ಅನ್ನುವ ನಿಯಮ ಇದೆ. ಬಾಡಿಗೆ ಬರುವುದು ಆಫೀಸು, ಮಾಲ್‌ಗಳಿಂದ, ಮನೆಗಳಿಂದ ಅಲ್ಲ. ಯೂನಿಟ್ ಬೆಲೆ ಏರುತ್ತದೆ, ಇಳಿಯುತ್ತದೆ. ಸಂಪು ತೊಳೆಸುವ ಕೆಲಸ ಮಾತ್ರ ಇರುವುದಿಲ್ಲ. ಸೈಟಿಗೆ ದುಡ್ಡು ಕೂಡಿಡುವ ವರ್ಷಗಳಲ್ಲಿ ಸ್ವಲ್ಪ ಹಣ ಇಲ್ಲಿ ಇಟ್ಟು ನೋಡಬಹುದು.

ಮುಂದೆ ಮಾರುವಾಗ ಏನು ಗಮನಿಸಬೇಕು?

ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಆಸ್ತಿಯಾದರೆ, ಇಲ್ಲೇ ವಾಸವಿರುವವರು ಹಣದುಬ್ಬರ ಕಳೆದು ಶೇ. 20ರ ಲೆಕ್ಕವನ್ನೂ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. ಲಾಭದಲ್ಲಿ ಇನ್ನೊಂದು ಮನೆ ಕೊಂಡರೆ ತೆರಿಗೆಯಿಂದ ವಿನಾಯಿತಿಯೂ ಇದೆ. ಇದಕ್ಕೆಲ್ಲ ಕೊಂಡಾಗಿನ ಕಾಗದ, ಆಮೇಲೆ ಕಟ್ಟಿದ ಮಹಡಿಯ ಬಿಲ್ಲು, ಕಂಟ್ರಾಕ್ಟರ್‌ಗೆ ಬ್ಯಾಂಕಿನಿಂದ ಕೊಟ್ಟ ಹಣದ ದಾಖಲೆ ಬೇಕು. ಹತ್ತು ಹದಿನೈದು ವರ್ಷ ಆದ ಮೇಲೆ ಅವನ್ನು ಹುಡುಕಲು ಆಗುವುದಿಲ್ಲ. ಪಾಯ ತೋಡುವ ದಿನವೇ ಒಂದು ಫೈಲ್ ಮಾಡಿ, ಪ್ರತಿ ರಸೀದಿಯನ್ನೂ ಅದರಲ್ಲಿ ಹಾಕುತ್ತಾ ಬನ್ನಿ, ಫೋಟೋ ತೆಗೆದು ಇನ್ನೊಂದು ಕಡೆಯೂ ಇಡಿ.